ನಸೀಬ ಯಾವಾಗ ಆಡುವ ಮಾತು?

ಪ್ರಶ್ನೆ: ಸರ್, ನಾನು ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 26. ಬಿ.ಎಸ್ಸಿ. ಮುಗಿಸಿ, ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಸರ್ಕಾರಿ ನೌಕರಿ ಪರೀಕ್ಷೆಗೆ ಓದುತ್ತಿದ್ದೇನೆ. ಎರಡು ಸಲ ಬರೆದೆ. ಎರಡು ಸಲವೂ ಸ್ವಲ್ಪದರಲ್ಲೇ ತಪ್ಪಿತು. ಅವ್ವ 'ನಸೀಬದಾಗ ಇದ್ರ ಸಿಗ್ತದ, ಇಲ್ಲಾಂದ್ರ ಇಲ್ಲ, ಇನ್ನ ಸಾಕು ಮಾಡವ್ವ' ಅನ್ನುತ್ತಾಳೆ. ಶಾಸ್ತ್ರ ಹೇಳುವವರೊಬ್ಬರು ನನಗೆ ಶನಿಯ ಸಾಡೇಸಾತಿ ನಡೆದಿದೆ, ಅದು ಮುಗಿಯುವ ತನಕ ಏನೂ ಕೈಗೂಡುವುದಿಲ್ಲ ಎಂದರು. ಸೋದರಮಾವ ಮಾತ್ರ 'ನಸೀಬ ಗಿಸೀಬ ಏನಿಲ್ಲ, ನೀನು ಮನಸ್ಸಿಟ್ಟು ಓದಿಲ್ಲ' ಅಂತ ಎಲ್ಲರೆದುರು ಹೇಳಿದರು. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ನಾವು ತೀರ್ಮಾನ ಮಾಡುವ ಮೊದಲೇ ಮಿದುಳು ತೀರ್ಮಾನ ಮಾಡಿಬಿಟ್ಟಿರುತ್ತದೆ, ಸ್ವಂತ ಇಚ್ಛೆ ಅನ್ನುವುದೇ ಇಲ್ಲ, ಇದನ್ನು ವಿಜ್ಞಾನಿಗಳೇ ತೋರಿಸಿದ್ದಾರೆ ಎಂದು ಅದರಲ್ಲಿತ್ತು. ಬದುಕು ಹಣೆಬರಹವೋ, ನಮ್ಮ ಕೈಯಲ್ಲಿದೆಯೋ? ಮೂರನೇ ಸಲ ಬರೆಯಲೋ, ಬಿಡಲೋ?

ಉತ್ತರ: ತಂಗಿ, ನಿಮಗೆ ನಾಲ್ಕು ಕಡೆಯಿಂದ ನಾಲ್ಕು ಮಾತು ಬಂದಿವೆ. ಅವ್ವ, ಶಾಸ್ತ್ರದವರು, ಆ ವಿಡಿಯೊ, ಮೂರೂ ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂದವು. ಸೋದರಮಾವ ಎಲ್ಲವೂ ನಿಮ್ಮ ಕೈಯಲ್ಲೇ ಇತ್ತು ಎಂದರು. ನಾಲ್ಕರಲ್ಲಿ ಒಂದೂ ನಿಮಗೆ ಸಮಾಧಾನ ಕೊಟ್ಟಿಲ್ಲ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ.

ನಾನು ಕಲಬುರಗಿಯ ಕಾಲೇಜೊಂದರಲ್ಲಿ 31 ವರ್ಷ ತತ್ವಶಾಸ್ತ್ರ ಪಾಠ ಮಾಡಿದವನು. ಈ ಪ್ರಶ್ನೆ ಕೇಳುವ ಹುಡುಗ ಹುಡುಗಿಯರು ಪ್ರತಿ ವರ್ಷ ಇದ್ದೇ ಇರುತ್ತಿದ್ದರು. ಪಾಠದಲ್ಲಿ ಬಂತು ಅಂತ ಕೇಳಿದವರು ಕಡಿಮೆ. ಫೇಲಾದ ಮೇಲೆ, ಮನೆಯಲ್ಲಿ ಸಾವಾದ ಮೇಲೆ, ಗೊತ್ತಾದ ಮದುವೆ ಮುರಿದ ಮೇಲೆ ಕೇಳಿದವರೇ ಜಾಸ್ತಿ. ಅವರಿಗೆ ಹೇಳುತ್ತಿದ್ದುದನ್ನೇ ನಿಮಗೂ ಹೇಳುತ್ತೇನೆ. ನಸೀಬ, ಹಣೆಬರಹ, ಪಡೆದುಕೊಂಡು ಬಂದದ್ದು, ಇವೆಲ್ಲ ಆಗಿಹೋದ ಮೇಲೆ ಆಡುವ ಮಾತುಗಳು. ಆಗುವುದಕ್ಕೆ ಮೊದಲೇ ಆಡಿದರೆ ಕೆಲಸ ಕೆಡುತ್ತದೆ. ಇದು ನನಗೆ ತಿಳಿದದ್ದು ನಮ್ಮಪ್ಪನ ತೊಗರಿ ಹೊಲದಲ್ಲಿ.

ಆಳಂದ ಕಡೆ ನಮ್ಮದು ಎರೆ ಹೊಲ. ಮಿರಗ ಮಳೆ ಬಿದ್ದ ಮೇಲೆ ತೊಗರಿ ಬಿತ್ತುವುದು, ಚಳಿಗಾಲದಲ್ಲಿ ರಾಶಿ ಮಾಡುವುದು. ವರ್ಷ ವರ್ಷವೂ ಅದೇ ಹೊಲಕ್ಕೆ ಅದೇ ತೊಗರಿ. ನಾನು ಕಾಲೇಜು ಓದುವ ಕಾಲಕ್ಕೆ ಮೂರು ವರ್ಷ ಒಂದೇ ಥರ ಆಯಿತು. ಗಿಡ ಎದೆಮಟ್ಟ ಬೆಳೆದು, ಹಳದಿ ಹೂ ಬಿಟ್ಟು, ಕಾಯಿ ಕಟ್ಟುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ಬಾಡತೊಡಗಿತು. ನೆಲದಲ್ಲಿ ಹಸಿ ಇತ್ತು. ಪಕ್ಕದ ಗಿಡ ಹಸಿರಾಗೇ ಇತ್ತು. ನಡುವೆ ಒಂದು ಗಿಡ ಮಾತ್ರ ನಿಂತಲ್ಲೇ ಒಣಗುತ್ತಿತ್ತು. ಹದಿನೈದು ದಿನ ಕಳೆದರೆ ಅದರ ಸುತ್ತಲಿನವು. ನೀರಿದ್ದೂ ಒಣಗುವ ಗಿಡ ಕಂಡರೆ ಯಾರಿಗಾದರೂ ದೇವರ ಸಿಟ್ಟು ಅನ್ನಿಸುತ್ತದೆ, ಅಲ್ವಾ? ಅಪ್ಪ ಬದುವಿನ ಮೇಲೆ ಕೂತು 'ನಸೀಬ ಖೊಟ್ಟಿ ಅದ' ಎಂದರು. ಎರಡನೇ ವರ್ಷವೂ ಅದೇ ಮಾತು. ಶರಣಬಸವೇಶ್ವರರ ಗುಡಿಗೆ ಕಾಯಿ ಒಡೆಸಿ ಬಂದೆವು. ಅವ್ವ ಖ್ವಾಜಾ ಬಂದೇ ನವಾಜರ ದರ್ಗಾದಲ್ಲಿ ಸಕ್ಕರೆ ಓದಿಸಿ ಬಂದಳು. ಮೂರನೇ ವರ್ಷವೂ ಗಿಡ ಒಣಗಿತು.

ಆ ವರ್ಷ ಕೃಷಿ ಇಲಾಖೆಯವರೊಬ್ಬರು ಊರಿಗೆ ಬಂದಿದ್ದರು. ನಮ್ಮ ಹೊಲಕ್ಕಿಳಿದು, ಬಾಡಿದ ಒಂದು ಗಿಡವನ್ನು ಬೇರು ಸಮೇತ ಕಿತ್ತರು. ಜೇಬಿನಿಂದ ಚಾಕು ತೆಗೆದು ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿದರು. ಒಳಗೆ, ಸಿಪ್ಪೆಯ ಕೆಳಗೆ, ಮಸಿಯಲ್ಲಿ ಎಳೆದಂತೆ ಕಪ್ಪು ಗೆರೆಗಳು ಬೇರಿನಿಂದ ಮೇಲಕ್ಕೆ ಹೋಗಿದ್ದವು. ಪಕ್ಕದ ಹಸಿರು ಗಿಡವನ್ನೂ ಕಿತ್ತು ಸೀಳಿದರು. ಅದರೊಳಗೆ ಬೆಳ್ಳಗಿತ್ತು. ಎರಡನ್ನೂ ಅಪ್ಪನ ಕೈಗೆ ಕೊಟ್ಟು 'ಇದು ನೆಟೆ ರೋಗ' ಎಂದರು. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಬೇರಿನೊಳಗೆ ಹೋಗಿ ನೀರು ಏರುವ ದಾರಿ ಮುಚ್ಚುತ್ತದೆ. ಅದಕ್ಕೇ ಹಸಿ ನೆಲದಲ್ಲೂ ಗಿಡ ಬಾಯಾರಿ ಸಾಯುತ್ತದೆ. ಅದು ಹಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿಯನ್ನೇ ಬಿತ್ತಿದರೆ ಹೆಚ್ಚುತ್ತಲೇ ಹೋಗುತ್ತದೆ. ಎರಡು ವರ್ಷ ಜೋಳ ಹಾಕಿ, ಆಮೇಲೆ ಬೀಜಕ್ಕೆ ಔಷಧ ಹಚ್ಚಿ ತೊಗರಿ ಬಿತ್ತಿ ಎಂದು ಹೇಳಿ ಹೋದರು. (ಈಗ ಬೀಜಕ್ಕೆ ಹಚ್ಚಲು ಟ್ರೈಕೋಡರ್ಮಾ ಸಿಗುತ್ತದೆ, ರೋಗದ ಶಿಲೀಂಧ್ರವನ್ನು ತಡೆಯುವ ಇನ್ನೊಂದು ಶಿಲೀಂಧ್ರ ಅದು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ರೋಗ ತಡೆಯುವ ಟಿಎಸ್-3ಆರ್ ತಳಿಯೂ ಬಂದಿದೆ. ಅಪ್ಪನ ಕಾಲಕ್ಕೆ ಇವು ಇರಲಿಲ್ಲ.)

ಅಪ್ಪ ಆ ಸೀಳಿದ ಕಾಂಡವನ್ನು ಬಹಳ ಹೊತ್ತು ನೋಡುತ್ತಾ ಕೂತರು. 'ಮೂರು ವರ್ಷ ಇದಕ್ಕ ನಸೀಬ ಅಂತಿದ್ನಲ್ಲೋ' ಎಂದರು. ಮುಂದಿನ ಎರಡು ವರ್ಷ ಜೋಳ ಹಾಕಿದರು. ಆಮೇಲೆ ಬೀಜಕ್ಕೆ ಔಷಧ ಹಚ್ಚಿ ತೊಗರಿ ಬಿತ್ತಿದರು. ಗಿಡ ಚೆನ್ನಾಗಿ ಬಂತು, ನೆಟೆ ಬರಲಿಲ್ಲ. ಆದರೆ ಆ ವರ್ಷ ಹೂವಿನ ಹೊತ್ತಿಗೆ ಮಳೆ ಕೈಕೊಟ್ಟಿತು. ಬೆಳೆ ಅರ್ಧಕ್ಕರ್ಧ ಹೋಯಿತು. ಅಪ್ಪ ಮತ್ತೆ ಅದೇ ಬದುವಿನ ಮೇಲೆ ಕೂತು 'ಮಾಡೋದೆಲ್ಲ ಮಾಡಿದ್ವಿ, ನಸೀಬದಾಗ ಇರಲಿಲ್ಲ' ಎಂದರು. ಮನೆಗೆ ಬಂದು ಉಂಡು ಮಲಗಿದರು.

ಶಬ್ದ ಅದೇ. ಮೊದಲ ಸಲ ಅದು ಗಿಡ ಕಿತ್ತು ನೋಡದ ಹಾಗೆ ಮಾಡಿತು. ಎರಡನೇ ಸಲ ಅಪ್ಪನಿಗೆ ನಿದ್ದೆ ಕೊಟ್ಟಿತು. ನಾನು ಅಂದಿನಿಂದ ನಸೀಬ ಅನ್ನುವವರ ಬಾಯಿ ಮುಚ್ಚಿಸಲು ಹೋಗಿಲ್ಲ. ಯಾವ ಹೊತ್ತಿನಲ್ಲಿ ಅನ್ನುತ್ತಿದ್ದಾರೆ ಅಂತ ಮಾತ್ರ ನೋಡುತ್ತೇನೆ.

ಈ ನಸೀಬ ಅರಬ್ಬಿಯಿಂದ ಉರ್ದುವಿನ ಮೂಲಕ ನಮ್ಮ ಬಾಯಿಗೆ ಬಂದ ಶಬ್ದ. ಅದರ ಮೂಲ ಅರ್ಥ ಪಾಲು. ನಾವು ಕನ್ನಡದಲ್ಲೂ 'ಪಾಲಿಗೆ ಬಂದದ್ದು' ಅನ್ನುತ್ತೇವಲ್ಲ, ಅದೇ. ನನ್ನ ಪಾಲಿಗೆ ಇಷ್ಟು ಹೊಲ ಬಂತು, ಇಂಥ ಮನೆ ಬಂತು, ಇಂಥ ಶರೀರ ಬಂತು. ಆ ಪಾಲನ್ನು ಏನು ಮಾಡಿಕೊಳ್ಳುತ್ತೇನೆ ಅನ್ನುವುದು ಆ ಶಬ್ದದಲ್ಲಿ ಇಲ್ಲವೇ ಇಲ್ಲ. ಒಂಟೆ ಕಟ್ಟಿ ಹಾಕಲೋ, ಹಾಗೇ ಬಿಟ್ಟು ದೇವರನ್ನು ನಂಬಲೋ ಎಂದು ಕೇಳಿದವನಿಗೆ ಪ್ರವಾದಿಗಳು 'ಕಟ್ಟಿ ಹಾಕು, ಆಮೇಲೆ ನಂಬು' ಎಂದರಂತೆ. ನಸೀಬವನ್ನು ಪೂರಾ ನಂಬುವವರೂ ಒಂಟೆ ಕಟ್ಟುತ್ತಾರೆ.

ಇದನ್ನು ಇನ್ನೂ ಗಟ್ಟಿಯಾಗಿ ವಾದಿಸಿದವನು ಸುಮಾರು 2200 ವರ್ಷ ಹಿಂದಿನ ಗ್ರೀಕ್ ತತ್ವಜ್ಞಾನಿ ಕ್ರಿಸಿಪ್ಪಸ್. ಆತ ಎಲ್ಲವೂ ವಿಧಿ ಎಂದು ನಂಬಿದವನೇ. ಎದುರಿನವರು ಕೇಳಿದರು: ರೋಗಿ ಬದುಕುತ್ತಾನೆ ಅಂತ ವಿಧಿಯಲ್ಲಿದ್ದರೆ ವೈದ್ಯನನ್ನು ಕರೆದರೂ ಬದುಕುತ್ತಾನೆ, ಕರೆಯದಿದ್ದರೂ ಬದುಕುತ್ತಾನೆ. ಮತ್ತೆ ವೈದ್ಯ ಯಾಕೆ? ಕ್ರಿಸಿಪ್ಪಸ್‌ನ ಉತ್ತರ ಹೀಗಿತ್ತು: ಬದುಕುವುದು ವಿಧಿಯಲ್ಲಿದ್ದರೆ, ವೈದ್ಯನನ್ನು ಕರೆಯುವುದೂ ಅದರ ಜೊತೆಗೇ ವಿಧಿಯಲ್ಲಿರುತ್ತದೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ನಿಮ್ಮ ಅವ್ವನ ಮಾತನ್ನು ಹಾಗೇ ಒಪ್ಪಿಕೊಂಡರೂ ಓದನ್ನು ಬಿಡಲು ಅದು ಕಾರಣವಾಗುವುದಿಲ್ಲ. ನೌಕರಿ ಹಣೆಯಲ್ಲಿ ಬರೆದಿದ್ದರೆ ಅದರ ಮೇಲಿನ ಸಾಲಿನಲ್ಲಿ ಓದು ಅಂತಲೂ ಬರೆದಿರಬೇಕು.

ಸಾಡೇಸಾತಿಯ ವಿಷಯಕ್ಕೆ ಬರೋಣ. ಇದರಲ್ಲಿ ನಂಬಿಕೆಯ ಚರ್ಚೆಯೇ ಬೇಡ, ಲೆಕ್ಕ ಸಾಕು. ಶನಿ ಸೂರ್ಯನ ಸುತ್ತ ಒಂದು ಸುತ್ತು ಬರಲು ಸುಮಾರು 29 ವರ್ಷ ಆರು ತಿಂಗಳು ಬೇಕು. ರಾಶಿ 12. ಅಂದರೆ ಒಂದೊಂದು ರಾಶಿಗೆ ಸುಮಾರು ಎರಡೂವರೆ ವರ್ಷ. ನಮ್ಮ ರಾಶಿಯ ಹಿಂದಿನದು, ನಮ್ಮದು, ಮುಂದಿನದು, ಮೂರೂ ಸೇರಿ ಏಳೂವರೆ. ಅದೇ ಸಾಡೇಸಾತಿ. ಈಗ ತಿರುಗಿಸಿ ನೋಡಿ. ಯಾವ ದಿನ ತೆಗೆದುಕೊಂಡರೂ 12ರಲ್ಲಿ ಮೂರು ರಾಶಿಯವರಿಗೆ ಸಾಡೇಸಾತಿ ನಡೆದೇ ಇರುತ್ತದೆ. ಅಂದರೆ ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರಿಗೆ. ನೀವು ಪರೀಕ್ಷೆ ಬರೆದ ಕೋಣೆಯಲ್ಲಿ 24 ಜನ ಇದ್ದರೆ ಸುಮಾರು ಆರು ಜನರಿಗೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದವರಲ್ಲೂ ಆ ಮೂರು ರಾಶಿಯವರು ಇದ್ದೇ ಇರುತ್ತಾರೆ. 60 ವರ್ಷ ಬದುಕಿದ ಮನುಷ್ಯ ಸುಮಾರು 15 ವರ್ಷ ಸಾಡೇಸಾತಿಯಲ್ಲೇ ಕಳೆದಿರುತ್ತಾನೆ. ಆ 15 ವರ್ಷದಲ್ಲಿ ಮಕ್ಕಳು ಹುಟ್ಟಿರುತ್ತವೆ, ಮನೆ ಕಟ್ಟಿರುತ್ತಾನೆ, ಸಾಲವೂ ತೀರಿಸಿರುತ್ತಾನೆ. 26ನೇ ವಯಸ್ಸಿನ ಹುಡುಗಿಗೆ 'ಮುಗಿಯುವ ತನಕ ಏನೂ ಆಗುವುದಿಲ್ಲ' ಅನ್ನುವುದು ತಪ್ಪು. ನನಗೆ ಅದನ್ನು ಓದಿ ಬೇಜಾರಾಯಿತು. ಅವರು ಹೇಳಿದ ವರ್ಷಗಳು ನಿಮ್ಮ ವಯೋಮಿತಿಯ ವರ್ಷಗಳು. ಅವು ಮತ್ತೆ ಬರುವುದಿಲ್ಲ.

ಕಲ್ಯಾಣದಲ್ಲಿ, ಅಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಸವಣ್ಣನವರು ಇದನ್ನು 12ನೇ ಶತಮಾನದಲ್ಲೇ ಹೇಳಿ ಮುಗಿಸಿದ್ದಾರೆ. ಯಾರಾದರೂ ಬಂದು ಕೇಳಿದರೆ ಲಗ್ನ ಚೆನ್ನಾಗಿದೆ, ಚಂದ್ರಬಲ ತಾರಾಬಲ ಇದೆ, ನಾಳೆಗಿಂತ ಇವತ್ತೇ ಒಳ್ಳೆಯ ದಿನ ಅಂತ ಹೇಳಿಬಿಡಿ ಎನ್ನುತ್ತಾರೆ ಒಂದು ವಚನದಲ್ಲಿ. ಅದೇ ಬಸವಣ್ಣನವರು ಇನ್ನೊಂದರಲ್ಲಿ, ನಾಳೆ ಬರುವುದು ಇವತ್ತೇ ಬರಲಿ, ದೇವರು ಬರೆದ ಬರಹವನ್ನು ಹರಿ ಬ್ರಹ್ಮರೂ ತಪ್ಪಿಸಲಾರರು ಅನ್ನುತ್ತಾರೆ. ವಿದ್ಯಾರ್ಥಿಗಳು ಇದನ್ನು ಹಿಡಿದು 'ಸರ್, ಎರಡಕ್ಕೂ ತಾಳೆ ಆಗೋದಿಲ್ಲ' ಅನ್ನುತ್ತಿದ್ದರು. ಎರಡನೇ ವಚನ ಸಾವಿನ ಮಾತು. ಹುಟ್ಟಿದವನಿಗೆ ಸಾವು ಖಂಡಿತ, ಹೆದರುವುದು ಯಾಕೆ ಅನ್ನುವ ಮಾತು. ಮೊದಲನೆಯದು ಕೆಲಸ ಶುರು ಮಾಡುವ ಹೊತ್ತಿನ ಮಾತು. ಬರಹ ಅಂದರೂ ಅವರು ಕೈಕಟ್ಟಿ ಕೂರಲಿಲ್ಲ. ಹೆದರಿಕೆ ಬಿಟ್ಟು ಇನ್ನೂ ಜಾಸ್ತಿ ಕೆಲಸ ಮಾಡಿದರು.

ಆ ವಿಡಿಯೊ ಹೇಳಿದ್ದು 1983ರ ಒಂದು ಪ್ರಯೋಗದ ವಿಷಯ ಅಂತ ಕಾಣುತ್ತದೆ. ಅಮೆರಿಕದ ಬೆಂಜಮಿನ್ ಲಿಬೆಟ್ ಮಾಡಿದ್ದು. ಒಬ್ಬರನ್ನು ಕೂರಿಸಿ, ತಲೆಗೆ ತಂತಿ ಹಚ್ಚಿ, 'ನಿಮಗೆ ಮನಸ್ಸು ಬಂದಾಗ ಮಣಿಕಟ್ಟು ಆಡಿಸಿ' ಎನ್ನುತ್ತಿದ್ದರು. ಎದುರಿಗೆ ಗಡಿಯಾರದಂಥ ಒಂದು ಬಿಲ್ಲೆ. ಅದರ ಮೇಲೆ ಬೆಳಕಿನ ಚುಕ್ಕಿ ಎರಡೂವರೆ ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗುತ್ತಿತ್ತು. ಆಡಿಸಬೇಕು ಅನ್ನಿಸಿದಾಗ ಚುಕ್ಕಿ ಎಲ್ಲಿತ್ತು ಅಂತ ಆಮೇಲೆ ಹೇಳಬೇಕು. ಕೈ ಆಡುವುದಕ್ಕೆ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ವಿದ್ಯುತ್ ಏರತೊಡಗಿತ್ತು. ಆದರೆ ಜನ 'ಆಗ ಅನ್ನಿಸಿತು' ಎಂದು ತೋರಿಸಿದ ಹೊತ್ತು ಕೈ ಆಡುವುದಕ್ಕೆ 0.2 ಸೆಕೆಂಡ್ ಮೊದಲಿನದು. ಅಂದರೆ ಮಿದುಳೇ ಮೊದಲು ಶುರು ಮಾಡಿತು ಎಂದಾಯಿತು.

ವಿಡಿಯೊಗಳು ಇಲ್ಲಿಗೇ ನಿಲ್ಲುತ್ತವೆ. ಲಿಬೆಟ್ ಅವರೇ ಇಚ್ಛೆ ಇಲ್ಲ ಎಂದು ಹೇಳಲಿಲ್ಲ. ಉಳಿದ ಆ 0.2 ಸೆಕೆಂಡಿನಲ್ಲಿ 'ಬೇಡ' ಎಂದು ತಡೆಯಲು ಮನುಷ್ಯನಿಗೆ ಅವಕಾಶ ಇದೆ ಅನ್ನುವುದು ಅವರ ಅಭಿಪ್ರಾಯ. 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಯವರು ಇನ್ನೊಂದು ವಿವರಣೆ ಕೊಟ್ಟರು. ಮಿದುಳಿನ ವಿದ್ಯುತ್ ಯಾವಾಗಲೂ ಅಲೆಯ ಹಾಗೆ ಏರಿಳಿಯುತ್ತಲೇ ಇರುತ್ತದೆ. ಈಗಲೇ ಕೈ ಆಡಿಸಬೇಕು ಅನ್ನುವುದಕ್ಕೆ ಯಾವ ಕಾರಣವೂ ಇಲ್ಲದಾಗ, ಅಲೆ ಒಂದು ಮಟ್ಟ ದಾಟಿದ ಹೊತ್ತಿಗೆ ಕೈ ಆಡಿಬಿಡುತ್ತದೆ. ಕೈ ಆಡಿದ ಕ್ಷಣದಿಂದ ಹಿಂದಕ್ಕೆ ಅಳೆದು ಸರಾಸರಿ ತೆಗೆದರೆ ಅದು ಮೊದಲೇ ಮಾಡಿದ ತೀರ್ಮಾನದ ಹಾಗೆ ಕಾಣುತ್ತದೆ. ಅಷ್ಟಕ್ಕೂ ಸುಮ್ನೆ ಮಣಿಕಟ್ಟು ಆಡಿಸುವುದೆಲ್ಲಿ, ಆರು ತಿಂಗಳು ಅಳೆದು ಸುರಿದು, ಅಪ್ಪನ ಸಾಲ ನೆನೆದು, ರಾತ್ರಿ ನಿದ್ದೆಗೆಟ್ಟು ನೀವು ಕೇಳುತ್ತಿರುವ 'ಬರೆಯಲೋ ಬಿಡಲೋ' ಎಲ್ಲಿ? ಅರ್ಧ ಸೆಕೆಂಡಿನ ಪ್ರಯೋಗ ಇದನ್ನು ಮುಟ್ಟುವುದೂ ಇಲ್ಲ.

ಇನ್ನು ನಮ್ಮ ಜಿಲ್ಲೆಯವರೇ ಆದ ಒಬ್ಬರ ವಿಷಯ ಹೇಳಬೇಕು. ಶಹಾಬಾದ್ ಹತ್ತಿರ ಮರತೂರು ಇದೆಯಲ್ಲ, ಅದು ವಿಜ್ಞಾನೇಶ್ವರರ ಊರು. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವರು. ಯಾಜ್ಞವಲ್ಕ್ಯ ಸ್ಮೃತಿ ಎಂಬ ಹಳೆಯ ಧರ್ಮಶಾಸ್ತ್ರ ಗ್ರಂಥಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದರು. ಆ ಸ್ಮೃತಿಯಲ್ಲಿ ನಿಮ್ಮ ಪ್ರಶ್ನೆಯೇ ಬರುತ್ತದೆ. ಫಲ ದೈವದಿಂದ ಅನ್ನುವವರಿದ್ದಾರೆ, ಸ್ವಭಾವದಿಂದ ಅನ್ನುವವರಿದ್ದಾರೆ, ಕಾಲದಿಂದ, ಮನುಷ್ಯ ಪ್ರಯತ್ನದಿಂದ ಅನ್ನುವವರಿದ್ದಾರೆ. ಬುದ್ಧಿವಂತರು ಎಲ್ಲವೂ ಕೂಡಿದಾಗ ಅನ್ನುತ್ತಾರೆ. ಒಂದೇ ಗಾಲಿಯಲ್ಲಿ ರಥ ಸಾಗದು, ಹಾಗೇ ಪ್ರಯತ್ನವಿಲ್ಲದೆ ದೈವ ಫಲಿಸದು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ದೈವ ಅಂದರೆ ಏನು? ಹಿಂದಿನ ಜನ್ಮದಲ್ಲಿ ಮನುಷ್ಯನೇ ಮಾಡಿದ ಪ್ರಯತ್ನ ಈಗ ಕಾಣಿಸಿಕೊಳ್ಳುವುದೇ ದೈವ ಎನ್ನುತ್ತದೆ ಸ್ಮೃತಿ.

ಹಿಂದಿನ ಜನ್ಮದ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪಿದರೆ ಬಡವನ ಬಡತನಕ್ಕೆ ಬಡವನೇ ಹೊಣೆ ಅಂದಂತಾಗುತ್ತದೆ. ಆದರೆ ಅದರೊಳಗಿನ ಅರ್ಧ ಮಾತು ನಿಜ. ನಾವು ದೈವ ಅನ್ನುವುದರಲ್ಲಿ ಬಹಳಷ್ಟು ಮನುಷ್ಯರು ಮಾಡಿಟ್ಟದ್ದೇ. ನಾವು ಮಾಡಿದ್ದಲ್ಲದಿದ್ದರೆ ನಮಗಿಂತ ಮೊದಲಿನವರು ಮಾಡಿದ್ದು. ಇದೇ ಮಿತಾಕ್ಷರವನ್ನು ನೋಡಿ. ಅದರ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು. ಮಗಳಿಗೆ ಆ ಹಕ್ಕಿಲ್ಲ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಪಾಲು ಕಡೆ ನೂರಾರು ವರ್ಷ ಇದೇ ನಡೆಯಿತು. ನಮ್ಮ ಅಜ್ಜಿಯರು 'ಹೆಣ್ಣಿನ ಹಣೆಬರಹ' ಎಂದು ಕಣ್ಣೊರೆಸಿಕೊಂಡದ್ದು ಈ ಬರಹಕ್ಕೆ. ಅದು ಮನುಷ್ಯರು ಬರೆದದ್ದಾದ್ದರಿಂದಲೇ ತಿದ್ದಲು ಬಂತು. 1994ರಲ್ಲಿ ಕರ್ನಾಟಕದಲ್ಲಿ, 2005ರಲ್ಲಿ ಇಡೀ ದೇಶದಲ್ಲಿ ಕಾನೂನು ಬದಲಾಗಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಬಂತು. ನಿಮ್ಮ ಅಜ್ಜಿಯ ನಸೀಬದಲ್ಲಿ ಇಲ್ಲದ ಪಾಲು ನಿಮ್ಮದರಲ್ಲಿದೆ.

ನಮ್ಮ ಭಾಗದ ಕಥೆಯೂ ಹಾಗೇ. 1948ರ ಸೆಪ್ಟೆಂಬರ್ ತನಕ ನಿಜಾಮರ ಆಳ್ವಿಕೆ. ಆಮೇಲೂ ಶಾಲೆ, ನೌಕರಿ, ನೀರಾವರಿ ಎಲ್ಲದರಲ್ಲೂ ಹಿಂದೆ. 'ಈ ಕಡಿ ಮಂದಿ ಹಣೆಬರಾನೇ ಇಷ್ಟು' ಅಂತ ನಾನು ಎಷ್ಟು ಸಲ ಕೇಳಿದ್ದೇನೆ! ಕೆಲವರು ಹಾಗನ್ನದೆ ವರ್ಷಗಟ್ಟಲೆ ಕೇಳುತ್ತಲೇ ಹೋದದ್ದರಿಂದ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ, ಈ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ 371(ಜೆ) ಕಲಂ ಬಂತು. ನೀವು ಅರ್ಜಿಯಲ್ಲಿ ಅದರ ಮುಂದೆ ಗುರುತು ಹಾಕಿರುತ್ತೀರಿ.

ಹಾಗಾಗಿ ಸೋದರಮಾವನ ಮಾತನ್ನೂ ನಾನು ಒಪ್ಪಲಾರೆ. ನಿಮ್ಮ ಅವ್ವನ ಮಾತಿಗಿಂತ ನನಗೆ ಅದೇ ಜಾಸ್ತಿ ಕಟುವಾಗಿ ಕೇಳಿಸಿತು. 100 ಹುದ್ದೆಗೆ 10,000 ಜನ ಬರೆದರು ಅಂದುಕೊಳ್ಳಿ. ಮುಂದಿನ ಸಲ ಅಷ್ಟೂ ಜನ ಎರಡು ಪಟ್ಟು ಓದಿದರು. ಆಗಲೂ ಕೆಲಸ ಸಿಗುವುದು 100 ಜನಕ್ಕೇ. ಉಳಿದ 9,900 ಜನ ಮನಸ್ಸಿಟ್ಟು ಓದಲಿಲ್ಲ ಅನ್ನಲು ಬರುತ್ತದೆಯೇ? ಒಬ್ಬರ ಓದು ಅವರ ಅಂಕವನ್ನು ಬದಲಿಸುತ್ತದೆ. ಹುದ್ದೆ ಎಷ್ಟು ಅನ್ನುವುದನ್ನು ಬದಲಿಸುವುದಿಲ್ಲ. ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು ಇದ್ದರೋ ಇಲ್ಲವೋ, ರೂಮಿನ ಬಾಡಿಗೆಗೆ ಅಪ್ಪ ತೊಗರಿ ಮಾರಬೇಕೋ ಬೇಡವೋ, ಇವು ನಿಮ್ಮ ಪಾಲಿಗೆ ಬಂದವು. ನೀವು ಆರಿಸಿಕೊಂಡವಲ್ಲ. ಎಲ್ಲ ನಿನ್ನ ಕೈಯಲ್ಲೇ ಇತ್ತು ಅನ್ನುವವರು ಇದನ್ನೆಲ್ಲ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೋತವರ ಮೇಲೆ ಸೋಲಿನ ಜೊತೆ ಅಪರಾಧವನ್ನೂ ಹೊರಿಸುತ್ತಾರೆ.

ಮೂರನೇ ಸಲ ಬರೆಯಲೋ ಬಿಡಲೋ ಎಂದು ಕೇಳಿದ್ದೀರಿ. ಅದನ್ನು ನಾನು ಇಲ್ಲಿ ಕೂತು ಹೇಳಿದರೆ ಶಾಸ್ತ್ರದವರ ಹಾಗೇ ಆಗುತ್ತದೆ. ಗಿಡ ಕಿತ್ತು ಸೀಳಿ ನೋಡುವುದು ಹೇಗೆ ಅಂತ ಹೇಳಬಲ್ಲೆ. ಎರಡು ಸಲದ ಅಂಕಗಳನ್ನೂ ಪಕ್ಕ ಪಕ್ಕ ಇಡಿ. ಯಾವ ವಿಷಯದಲ್ಲಿ ಹೋಯಿತು? ಎರಡು ಸಲವೂ ಅದೇ ವಿಷಯದಲ್ಲಿ ಹೋಗಿದ್ದರೆ ಅದೇ ಕಪ್ಪು ಗೆರೆ. ಹಾಗಿದ್ದರೆ ಅದೇ ಪುಸ್ತಕವನ್ನು ಅದೇ ರೀತಿ ಮತ್ತೊಂದು ವರ್ಷ ಓದುವುದು ಅದೇ ಹೊಲಕ್ಕೆ ಮತ್ತೆ ತೊಗರಿ ಬಿತ್ತಿದ ಹಾಗೆ. ಓದುವ ಕ್ರಮ ಬದಲಾಗಬೇಕು, ಅಥವಾ ಆ ವಿಷಯ ಇಲ್ಲದ ಬೇರೆ ಪರೀಕ್ಷೆ ನೋಡಬೇಕು. ಎರಡನೇ ಸಲ ಅಂಕ ಏರಿದ್ದು, ಕಟ್ ಆಫ್ ಅದಕ್ಕಿಂತ ಜಾಸ್ತಿ ಏರಿದ್ದರೆ ಅದು ಬೇರೆ ಮಾತು. ಅದು ಮಳೆ. ಆಗ ನಿಮ್ಮ ಓದಿನಲ್ಲಿ ತಪ್ಪು ಹುಡುಕಿ ಮನಸ್ಸು ಕೆಡಿಸಿಕೊಳ್ಳಬೇಡಿ.

ವಯೋಮಿತಿ ಇನ್ನೂ ಎಷ್ಟು ವರ್ಷ ಇದೆ, ಅಪ್ಪ ಇನ್ನೆಷ್ಟು ದಿನ ಬಾಡಿಗೆ ಕಟ್ಟಬಲ್ಲರು, ಇವೆರಡನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅಪ್ಪನನ್ನು ನೇರವಾಗಿ ಕೇಳಿ. ನಮ್ಮ ಕಡೆ ಮಕ್ಕಳು ಇದನ್ನು ಕೇಳುವುದಿಲ್ಲ, ಅಪ್ಪಂದಿರು ತಾವಾಗಿ ಹೇಳುವುದಿಲ್ಲ. ಬಿ.ಎಸ್ಸಿ. ಆಗಿದೆ. ಸಂಜೆ ಮಕ್ಕಳಿಗೆ ಗಣಿತ, ವಿಜ್ಞಾನ ಟ್ಯೂಷನ್ ಹೇಳಿದರೆ ಬಾಡಿಗೆಯ ಸ್ವಲ್ಪ ಭಾರ ಇಳಿಯುತ್ತದೆ, ನಿಮ್ಮ ಓದೂ ಗಟ್ಟಿಯಾಗುತ್ತದೆ. ಇಷ್ಟು ಮಾಡಿದ ಮೇಲೆ ಬರೆಯಬೇಕು ಅನ್ನಿಸಿದರೆ ಬರೆಯಿರಿ, ಬಿಡಬೇಕು ಅನ್ನಿಸಿದರೆ ಬಿಡಿ. ಆಗ ಎರಡೂ ನಿಮ್ಮದೇ ತೀರ್ಮಾನ.

ಅವ್ವನ ಮಾತಿನ ಬಗ್ಗೆ ಒಂದು. 'ನಸೀಬದಾಗ ಇಲ್ಲಾಂದ್ರ ಇಲ್ಲ, ಸಾಕು ಮಾಡವ್ವ' ಅನ್ನುವಾಗ ನಿಮ್ಮ ಅವ್ವನ ಮನಸ್ಸಿನಲ್ಲಿ ವಿಧಿಯ ವಿಚಾರ ಇರಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತದೆ. ಎರಡು ಸಲ ಸೋತ ಮಗಳು ಊಟ ಬಿಟ್ಟು ಕೂತದ್ದನ್ನು ನೋಡಿದ್ದಾಳೆ. ಮೂರನೇ ಸಲ ಅದನ್ನು ನೋಡಲು ಅವಳಿಗೆ ಶಕ್ತಿ ಇಲ್ಲ. ಅವಳ ಜೊತೆ ವಾದಕ್ಕೆ ಇಳಿಯಬೇಡಿ. ಊರಿಗೆ ಹೋದಾಗ ಆ ಹಾಳೆಯನ್ನು ಅವಳೆದುರಿಗೆ ಓದಿ ಹೇಳಿ. 'ಅವ್ವ, ರಿಸಲ್ಟ್ ಬರೋ ತನಕ ನಸೀಬದ ಮಾತು ತೆಗೀಬ್ಯಾಡ, ಬಂದ ದಿನ ನೀನು ಏನಂದ್ರೂ ಕೇಳ್ತೀನಿ' ಅನ್ನಿ.